ಮಾಸ್ಕ್ ಹಾಕದವರ ಫೋಟೋ ಹಾಕಬೇಡಿ (ಅಕ್ಟೋಬರ್ 2020)

ಎಲ್ಲರಿಗೂ ನಮಸ್ಕಾರ. ನಿನ್ನೆ ಪಾರ್ಕಿನ ಗೇಟಲ್ಲಿ ಮಾಸ್ಕ್ ವಿಷಯಕ್ಕೆ ಆದ ರಂಪ ಸಾಕು. ಮಾಸ್ಕ್ ಇಲ್ಲದವರ ಫೋಟೋ ಈ ಗುಂಪಿಗೆ ಹಾಕಿದವರು ದಯವಿಟ್ಟು ಅಳಿಸಿಬಿಡಿ.

ಮಾಸ್ಕ್ ಹಾಕದವರೆಲ್ಲ ಹಟಮಾರಿಗಳಲ್ಲ. ಆ ಫೋಟೋದಲ್ಲಿರುವ ಅಜ್ಜಿಯನ್ನೇ ಕೇಳಿದೆ. ಕಿವಿ ಮಷೀನಿಗೆ ಮಾಸ್ಕಿನ ದಾರ ಸಿಕ್ಕಿಕೊಂಡು, ತೆಗೆಯುವಾಗ ಮಷೀನೂ ಕಿತ್ತು ಬರುತ್ತಂತೆ. ಒಮ್ಮೆ ಚರಂಡಿಗೆ ಬೀಳೋದರಲ್ಲಿತ್ತು. ಮೇಲಾಗಿ ಎದುರಿನವರ ತುಟಿ ಕಾಣದಿದ್ದರೆ ಅರ್ಧ ಮಾತು ಗೊತ್ತಾಗಲ್ಲ ಅಂದರು. ತಲೆಯ ಹಿಂದೆ ಲಾಡಿ ಕಟ್ಟುವಂಥದ್ದು ಹೊಲಿದುಕೊಡೋಣ, ಯಾರಿಗೆ ಬಿಡುವಿದೆ?

ಕನ್ನಡಕಕ್ಕೆ ಆವಿ ಕಟ್ಟಿ ನಾನೇ ಮೊನ್ನೆ ಮೆಟ್ಟಿಲು ತಪ್ಪಿದೆ. ಗಾಜನ್ನು ಸೋಪಿನ ನೀರಲ್ಲಿ ತೊಳೆದು, ಮೂಗಿನ ಮೇಲಿನ ತಂತಿ ಒತ್ತಿಕೊಂಡರೆ ಎಷ್ಟೋ ವಾಸಿ. ಉಸಿರು ಕಟ್ಟುತ್ತೆ ಅನ್ನುವವರು ಜನ ಇಲ್ಲದ ಹೊತ್ತಲ್ಲಿ ವಾಕಿಂಗ್ ಬನ್ನಿ, ನಿಧಾನ ನಡೀರಿ. ಎಲೆಅಡಿಕೆಗೆ ಅಡ್ಡಿ ಅನ್ನುವವರ ಮೇಲೆ ಮಾತ್ರ ನನಗೆ ಕನಿಕರವಿಲ್ಲ.

ನಗರದಲ್ಲಿ ಮಾಸ್ಕ್ ಹಾಕದ್ದಕ್ಕೆ ಇರುವ ದಂಡವನ್ನು 1000 ರೂಪಾಯಿಂದ 250ಕ್ಕೆ ಇಳಿಸಿದ್ದಾರೆ, ತೆಗೆದಿಲ್ಲ. ಗದ್ದಕ್ಕೆ ಸಿಕ್ಕಿಸಿಕೊಂಡರೆ ದಂಡ ಹಾಕುವ ಪಾಲಿಕೆಯ ಮಾರ್ಷಲ್‌ಗಳು ಬಿಡಲ್ಲ. ಹೊಲಿಯುವವರು ಸಂಜೆಯೊಳಗೆ ಇಲ್ಲೇ ಹೆಸರು ಹಾಕಿ, ಬಟ್ಟೆ ನಾನು ತರ್ತೀನಿ.