ಪ್ರಬಂಧ ಮುಗೀತು, ಮಾವನಿಗೊಂದು ಥ್ಯಾಂಕ್ಸ್

ಕೊನೆಗೂ ಪ್ರಾಚೀನ ಈಜಿಪ್ಟಿನ ಶವಪೆಟ್ಟಿಗೆಗಳ ಬಗ್ಗೆ ಬರೆದ ಪ್ರಬಂಧ ಒಪ್ಪಿಸಿದೆ, ವೈವಾ ಕೂಡ ಆಯಿತು. ನಡುವೆ ಅಪ್ಪ ತೀರಿಕೊಂಡಿದ್ದು ನಿಮಗೆಲ್ಲ ಗೊತ್ತೇ ಇದೆ. ಗೈಡ್ ಮೇಡಂ, ಲೈಬ್ರರಿಯವರು, ಕರಡು ತಿದ್ದಿದ ಗೆಳತಿಯರು, ಅಮ್ಮನ ಜೊತೆಗಿದ್ದ ಪಕ್ಕದ ಮನೆಯವರು, ಎಲ್ಲರಿಗೂ ಥ್ಯಾಂಕ್ಸ್. ಇನ್ನು ಉಳಿದದ್ದೆಲ್ಲ ಮಾವನಿಗೆ.

ಮಾವ ಬಡಗಿ. ಅಪ್ಪನ ಕೊನೆಯ ರಾತ್ರಿ ಐಸಿಯು ಹೊರಗೆ ನನ್ನ ಜೊತೆ ಕೂತವರು ಅವರೊಬ್ಬರೇ. ಸಮಾಧಾನ ಹೇಳೋದು ಅವರಿಗೆ ಬರಲ್ಲ. ಸುಮಾರು ಹೊತ್ತು ಸುಮ್ನೆ ಕೂತಿದ್ದು, "ಪುಟ್ಟಿ, ಆ ಈಜಿಪ್ಟಿನ ಪೆಟ್ಟಿಗೆ ಅಂತಿದ್ಯಲ್ಲ, ತೋರ್ಸು" ಅಂದರು.

ಫೋನಿನಲ್ಲಿ ಚಿತ್ರ ತೆಗೆದೆ. 1906ರಲ್ಲಿ ಈಜಿಪ್ಟಿನ ದೇರ್ ಎಲ್ ಮದೀನಾದಲ್ಲಿ, ಅಂದರೆ ರಾಜರ ಗೋರಿ ಕೆಲಸದವರ ಹಳೇ ಊರಿನಲ್ಲಿ, ಸಿಕ್ಕ ಖಾ ಮತ್ತು ಅವನ ಹೆಂಡತಿ ಮೆರಿಟ್‌ಳ ಸಮಾಧಿಯ ಸಾಮಾನು. ಈಗ ಇಟಲಿಯ ಟ್ಯೂರಿನ್‌ನಲ್ಲಿದೆ. ಖಾ ರಾಜರ ಗೋರಿ ಕೆಲಸದ ಮೇಲ್ವಿಚಾರಕ. ಆ ಕಾಲದ ಬಡಗಿಗಳಿಗೆ ಊರಿನ ಮರ ಅಂದರೆ ಜಾಲಿ, ಅತ್ತಿ ಜಾತಿಯ ಮರ. ಒಳ್ಳೆಯ ದೇವದಾರು ಲೆಬನಾನಿನಿಂದ ಬರಬೇಕು. "ಅತ್ತೀಲಿ ಪೆಟ್ಟಿಗೇನಾ?" ಅಂತ ಮಾವ ಫೋನು ಕಿತ್ತುಕೊಂಡರು. ಕಬ್ಬಿಣದ ಮೊಳೆ ಇಲ್ಲ, ಮರದ ಬೆಣೆಗಳೇ. ಹತ್ತರಿ ಇಲ್ಲ, ಮರಳುಗಲ್ಲಿನಲ್ಲಿ ಉಜ್ಜಿದ ನುಣುಪು. ಮೇಲೆ ಸುಣ್ಣದ ಪುಡಿ, ಅಂಟು ಕಲಸಿದ ಲೇಪ, ಅದರ ಮೇಲೆ ಚಿನ್ನದ ತಗಡು. ಖಾನ ಕುರ್ಚಿಯನ್ನು ಹಿಗ್ಗಿಸಿ ನೋಡಿದರು. ಕರಿಮರ, ದಂತ ಕೂರಿಸಿದ ಹಾಗೆ ಕಾಣುತ್ತೆ. ಬರೀ ಬಣ್ಣ ಅಂದೆ. "ಕಳ್ಳ" ಅಂದು ನಕ್ಕರು. ಆ ರಾತ್ರಿ ನಾನೂ ನಕ್ಕೆ.

ಬೆಳಗ್ಗೆ ಚಟ್ಟ ಕಟ್ಟಿದ್ದೂ ಮಾವನೇ. ವರ್ಷಗಟ್ಟಲೆ ಶವಪೆಟ್ಟಿಗೆಗಳ ಬಗ್ಗೆ ಓದಿದವಳು, ನಾಲ್ಕು ಬಿದಿರಿನ ಗಳು ನೋಡಲಾಗದೆ ಗೋಡೆ ಕಡೆ ತಿರುಗಿ ನಿಂತೆ. ಸಂಜೆಯೊಳಗೆ ಸುಟ್ಟುಹೋಗುವ ಬಿದಿರು ಅದು. ಆದರೂ ಅವರು ಪ್ರತಿ ಗಂಟನ್ನೂ ಎಳೆದು ನೋಡಿದರು. ಒಂದು ಗಳು ಉದ್ದವಾಯಿತು ಅಂತ ಕೊಯ್ದು, ಸಿಬಿರು ಕೆರೆದರು. ಯಾಕೆ ಅಂತ ಚಿಕ್ಕಪ್ಪ ಗದರಿದರು. ಮಾವ ಕೈ ನಿಲ್ಲಿಸಲಿಲ್ಲ. ಅಪ್ಪನಿಗೆ ಇದಕ್ಕಿಂತ ಜಾಸ್ತಿ ಏನೂ ಮಾಡಲಾಗಲಿಲ್ಲ ಅಂತ ಈಗಲೂ ಹೊಟ್ಟೆ ಉರಿಯುತ್ತೆ.

ಮೆರಿಟ್ ಗಂಡನಿಗಿಂತ ಮೊದಲೇ ಹೋದವಳು. ಅವಳನ್ನಿಟ್ಟ ಪೆಟ್ಟಿಗೆಯ ಮೇಲಿರುವುದು ಖಾನ ಹೆಸರು. ತನಗೆಂದು ಮಾಡಿಸಿದ್ದನ್ನೇ ಕೊಟ್ಟಿದ್ದಾನೆ. ಅವಳಿಗೆ ಅದು ದೊಡ್ಡದಾಗಿ, ಸುತ್ತಲಿನ ಜಾಗಕ್ಕೆ ನಾರುಬಟ್ಟೆ ತುಂಬಿದ್ದಾರೆ. ಆ ಬಟ್ಟೆಗೆ ನನ್ನ ಕರಡಿನಲ್ಲಿ ಒಂದೇ ಸಾಲಿತ್ತು. ಊರಿಂದ ವಾಪಸ್ ಬಂದ ಮೇಲೆ ಬರೆಯುತ್ತಾ ಹೋದೆ, ಅದೇ ಒಂದು ಅಧ್ಯಾಯವಾಯಿತು. ಮೇಡಂ ಒಂದಕ್ಷರ ಕಡಿಮೆ ಮಾಡು ಅನ್ನಲಿಲ್ಲ.

ಒಂದು ಪ್ರತಿ ಮಾವನಿಗೆ ಕಳಿಸಿದ್ದೇನೆ. ಇಂಗ್ಲಿಷ್ ಬರಲ್ಲ, ಚಿತ್ರ ಮಾತ್ರ ನೋಡಿದ್ದಾರೆ. ಫೋನ್ ಮಾಡಿ ಖಾನ ಕುರ್ಚಿಯ ಅಳತೆ ಕೇಳಿದರು. ಅಂಥದ್ದೇ ಒಂದು ಮಾಡ್ತಾರಂತೆ, ಆದರೆ ಬೀಟೆಯಲ್ಲಿ, ಬಣ್ಣದ ಮೋಸ ಬೇಡವಂತೆ. ಈಗ ಬೀಟೆ ಎಲ್ಲಿ ಸಿಗುತ್ತೆ ಮಾವ ಅಂದರೆ, "ಅದೆಲ್ಲ ನಿಂಗ್ಯಾಕೆ, ಅಳತೆ ಕಳ್ಸು" ಅಂದರು.