ಒಂಬತ್ತನೆಯ ತರಗತಿಯ ಸೂರ್ಯ ವೀಕ್ಷಣೆ: ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರಗಳು. ಬರುವ ಸೋಮವಾರದಿಂದ ಎರಡು ವಾರ ನಿಮ್ಮ ಮಕ್ಕಳನ್ನು ಬೆಳಗ್ಗೆ 9 ಗಂಟೆಯೊಳಗೆ ಶಾಲೆಗೆ ಕಳುಹಿಸಿ. ಭಾನುವಾರವೂ ಕಳುಹಿಸಬೇಕೆಂಬುದು ನನ್ನ ಕೋರಿಕೆ. ಸೂರ್ಯನ ಮೇಲಿನ ಕಪ್ಪು ಕಲೆಗಳು ದಿನದಿಂದ ದಿನಕ್ಕೆ ಎಷ್ಟು ಸರಿಯುತ್ತವೆ ಎಂದು ಗುರುತಿಸಿ, ಸೂರ್ಯ ತನ್ನ ಸುತ್ತ ತಾನು ಎಷ್ಟು ವೇಗವಾಗಿ ತಿರುಗುತ್ತಾನೆಂದು ಮಕ್ಕಳೇ ಅಳೆಯಲಿದ್ದಾರೆ. ದಿನವೂ ಒಂದೇ ಹೊತ್ತಿಗೆ ಗುರುತು ಹಾಕದಿದ್ದರೆ ಬಿಂಬದ ವಾಲು ಬದಲಾಗಿ ಲೆಕ್ಕ ಕೆಡುತ್ತದೆ.

ದೂರದರ್ಶಕದಲ್ಲಿ ಯಾರೂ ಕಣ್ಣಿಟ್ಟು ನೋಡುವುದಿಲ್ಲ. ಅದರಿಂದ ಹೊರಬೀಳುವ ಬಿಂಬವನ್ನು ಬಿಳಿ ಹಾಳೆಯ ಮೇಲೆ, 15 ಸೆಂಟಿಮೀಟರ್ ವ್ಯಾಸದ ವೃತ್ತದೊಳಗೆ ಬೀಳಿಸಿ, ಕಂಡ ಕಲೆಗಳನ್ನು ಪೆನ್ಸಿಲ್‌ನಿಂದ ಗುರುತಿಸುತ್ತಾರೆ. ಗೆಲಿಲಿಯೋ 1612ರಲ್ಲಿ ಸೌರಕಲೆಗಳನ್ನು ಚಿತ್ರಿಸಿದ್ದು ಹೀಗೆಯೇ; ಉಪಾಯ ಅವನ ಶಿಷ್ಯ ಕಾಸ್ಟೆಲ್ಲಿಯದು. ವಿಜ್ಞಾನ ಶಿಕ್ಷಕರು ಉಪಕರಣದ ಪಕ್ಕದಿಂದ ಕದಲುವುದಿಲ್ಲ. ಮನೆಯಲ್ಲಿ ದುರ್ಬೀನಿನಿಂದಾಗಲಿ ಬರಿಗಣ್ಣಿನಿಂದಾಗಲಿ ಸೂರ್ಯನನ್ನು ನೋಡಲು ಬಿಡಬೇಡಿ. ತಂಪುಕನ್ನಡಕ ಇದಕ್ಕೆ ಏನೇನೂ ಸಾಲದು.

ಬಿಂಬದ ನಡುವಿನ ಕಲೆ ಒಂದು ದಿನದಲ್ಲಿ ಸುಮಾರು 17 ಮಿಲಿಮೀಟರ್ ಸರಿಯುತ್ತದೆ. ಅದೇ ಕಲೆ ಅಂಚಿಗೆ ಬಂದಾಗ ಮೂರೋ ನಾಲ್ಕೋ ಮಿಲಿಮೀಟರ್ ಮಾತ್ರ. ಸೂರ್ಯ ನಿಧಾನವಾದನೇ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಚೆಂಡೊಂದನ್ನು ಕೈಗೆ ಕೊಟ್ಟು ಸುಮ್ಮನಿರಿ; ಅಂಚಿನಲ್ಲಿ ಗೋಳ ಓರೆಯಾಗಿ ಕಾಣುವುದೇ ಕಾರಣವೆಂದು ಅದನ್ನು ತಿರುಗಿಸಿದಾಗ ಅವರಿಗೇ ಹೊಳೆಯುತ್ತದೆ.

ಇಡೀ ಅಳತೆಯ ಉತ್ತರವನ್ನು ನಿಮಗೆ ಮಾತ್ರ ಹೇಳುತ್ತೇನೆ. ಕಲೆಗಳ ಲೆಕ್ಕ ಸುಮಾರು 27 ದಿನಕ್ಕೆ ಬರುತ್ತದೆ. ಅಷ್ಟರಲ್ಲಿ ಭೂಮಿಯೂ ಅದೇ ದಿಕ್ಕಿಗೆ ಮುಂದೆ ಹೋಗಿರುವುದರಿಂದ ನಿಜವಾದ ಸುತ್ತು ಸುಮಾರು 25 ದಿನ. ಸಮಭಾಜಕದ ಬಳಿ ಮೇಲ್ಮೈಯ ವೇಗ ಸೆಕೆಂಡಿಗೆ ಸುಮಾರು 2 ಕಿಲೋಮೀಟರ್. ಧ್ರುವಗಳ ಕಡೆ ಒಂದು ಸುತ್ತಿಗೆ 35 ದಿನಗಳ ಹತ್ತಿರ ಬೇಕು, ಏಕೆಂದರೆ ಸೂರ್ಯ ಗಟ್ಟಿ ಗೋಳವಲ್ಲ. ಕಲೆಗಳು ಧ್ರುವದ ಬಳಿ ಕಾಣುವುದಿಲ್ಲವಾದ್ದರಿಂದ ಅಲ್ಲಿನ ವೇಗವನ್ನು ಬೆಳಕಿನ ವರ್ಣರೇಖೆಗಳ (ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಕಾಣುವ ಗೆರೆಗಳ) ಪಲ್ಲಟದಿಂದ ಅಳೆಯುತ್ತಾರೆ. ಅದು ನಮ್ಮ ಶಾಲೆಯ ಅಳವಿಗೆ ಮೀರಿದ್ದು.

ದಯವಿಟ್ಟು ಇದನ್ನು ಮಕ್ಕಳಿಗೆ ಹೇಳಬೇಡಿ, ಮೊಬೈಲ್‌ನಲ್ಲಿ ಹುಡುಕಿಕೊಡಲೂ ಬೇಡಿ. ತಾನೇ ಅಳೆದು 29 ಎಂದು ಬರೆದವರಿಗೆ ಪೂರ್ಣ ಅಂಕ. ಗುರುತೇ ಇಲ್ಲದೆ 27 ಎಂದು ಬರೆದವರಿಗೆ ಸೊನ್ನೆ. ಮೋಡ ಕವಿದ ದಿನದ ಹಾಳೆ ಖಾಲಿಯೇ ಇರಲಿ, ಊಹಿಸಿ ಚುಕ್ಕೆ ಇಡುವಂತಿಲ್ಲ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ನಡೆಸುವ ಕೊಡೈಕನಾಲ್ ವೀಕ್ಷಣಾಲಯದಲ್ಲಿ ಶತಮಾನಕ್ಕೂ ಮೀರಿದ ಸೂರ್ಯನ ಚಿತ್ರಗಳಿವೆ. ನಮ್ಮ ಹಾಳೆಗಳನ್ನು ಕೊನೆಯಲ್ಲಿ ಅಂತಹ ಚಿತ್ರಗಳೊಂದಿಗೆ ಹೋಲಿಸಿ ನೋಡುತ್ತೇವೆ.

ಟೋಪಿ, ನೀರಿನ ಬಾಟಲಿ ಕಳುಹಿಸಿ. ಕೆಳಗಿನ ಒಪ್ಪಿಗೆ ಚೀಟಿಗೆ ಸಹಿ ಹಾಕಿ ಶುಕ್ರವಾರದೊಳಗೆ ತರಗತಿ ಶಿಕ್ಷಕರಿಗೆ ತಲುಪಿಸಿ. ಭಾನುವಾರ ಬರಲು ಬಸ್ ತೊಂದರೆಯಿದ್ದವರು ಮೊದಲೇ ತಿಳಿಸಿದರೆ ಏನಾದರೂ ವ್ಯವಸ್ಥೆ ಮಾಡೋಣ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ