ನಾಲ್ಕು ಬೋಲ್ಟಿನ ಕೆಲಸ ಅಂತ ಬರೆಯಬೇಡಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ವಾಹನ ಪುಟದಲ್ಲಿ ಸ್ನೋಮೊಬೈಲ್ ಬಗ್ಗೆ ಬಂದ ಬರಹ ಓದಿದೆ. ಹಿಮದ ಮೇಲೆ ಓಡುವ ಗಾಡಿಯ ಬಗ್ಗೆ ಕನ್ನಡದಲ್ಲಿ ಓದಲು ಸಿಗುವುದೇ ಅಪರೂಪ, ಹಾಗಾಗಿ ಮೊದಲು ಖುಷಿಯೇ ಆಯಿತು. ಆದರೆ ಕೊನೆಯಲ್ಲಿ, ಹಳೇ ಗಾಡಿಗೆ ಬೇರೆ ಮಾಡೆಲ್‌ನ ಹಿಂದಿನ ಸಸ್ಪೆನ್ಷನ್ ಕೂರಿಸುವುದು ಬರೀ ನಾಲ್ಕು ಬೋಲ್ಟಿನ ಕೆಲಸ ಅನ್ನುವ ಅರ್ಥದ ಒಂದು ಮಾತು ಇತ್ತು ನೋಡಿ, ಅಲ್ಲಿಗೆ ಖುಷಿ ಇಳಿಯಿತು. ಯಾಕೆಂದರೆ ಇದೇ ಮಾತನ್ನು ನಂಬಿ ನಾನು ಒಂದು ಇಡೀ ಚಳಿಗಾಲ ಹಾಳು ಮಾಡಿಕೊಂಡಿದ್ದೇನೆ.

ಗಾಡಿಯನ್ನು ಹತ್ತಿರದಿಂದ ನೋಡದವರಿಗೆ ಎರಡು ಮಾತು. ಮುಂದೆ ಎರಡು ಸ್ಕೀ, ಹಿಂದೆ ರಬ್ಬರ್ ಟ್ರ್ಯಾಕ್. ಆ ಟ್ರ್ಯಾಕಿನ ಹೊಟ್ಟೆಯೊಳಗೆ ಕೂತಿರುವ ಚೌಕಟ್ಟೇ ಹಿಂದಿನ ಸಸ್ಪೆನ್ಷನ್, ಬಳಸುವವರು ಸ್ಕಿಡ್ ಅನ್ನುತ್ತಾರೆ. ಎರಡು ಉದ್ದನೆಯ ಅಲ್ಯೂಮಿನಿಯಂ ರೈಲು, ಅವುಗಳ ಅಡಿಗೆ ಜಾರುವ ಪ್ಲಾಸ್ಟಿಕ್ ಪಟ್ಟಿ (ಸ್ಲೈಡರ್), ಮುಂದೊಂದು ತೋಳು, ಹಿಂದೊಂದು ತೋಳು, ಎರಡು ಶಾಕ್, ಸ್ಪ್ರಿಂಗುಗಳು, ಒಂದಷ್ಟು ಪುಟ್ಟ ಚಕ್ರಗಳು. 1959ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೇ ಸ್ಕೀ-ಡೂ ಮಾರಲು ಶುರು ಮಾಡಿದಾಗ ಈ ರೈಲು ಇರಲಿಲ್ಲ, ಸಾಲಾಗಿ ಜೋಡಿಸಿದ ಬೋಗಿ ಚಕ್ರಗಳ ಮೇಲೇ ಟ್ರ್ಯಾಕ್ ಓಡುತ್ತಿತ್ತು. ರೈಲು ಬಂದಿದ್ದು ಆಮೇಲೆ. ಅಲ್ಲಿಂದ ಇಲ್ಲಿಯವರೆಗೆ ಒಂದೊಂದು ಕಂಪನಿ ಒಂದೊಂದು ತರಹ ಮಾಡುತ್ತಾ ಬಂದಿದೆ, ತೋಳಿನ ಉದ್ದ ಬೇರೆ, ಶಾಕ್ ಓರೆ ಬೇರೆ, ಅಗಲ ಬೇರೆ. ಎರಡೂ ತೋಳು ಗಾಡಿಯ ಟನಲ್‌ಗೆ, ಅಂದರೆ ಸೀಟಿನ ಕೆಳಗಿನ ಅಲ್ಯೂಮಿನಿಯಂ ಗೂಡಿಗೆ ಸೇರುವುದು ನಾಲ್ಕು ಬೋಲ್ಟಿನಿಂದಲೇ. ಅದು ನಿಜ, ನಿಮ್ಮ ಲೇಖಕರು ಸುಳ್ಳು ಹೇಳಿಲ್ಲ. ಬಿಚ್ಚುವುದಕ್ಕೆ ನಾಲ್ಕು ಬೋಲ್ಟ್ ಸಾಕು. ಬೇರೆಯದನ್ನು ಹಾಕುವಾಗ ಆ ಬೋಲ್ಟ್ ಎಲ್ಲಿ ಬರಬೇಕು ಅನ್ನುವುದೇ ಇಡೀ ಕೆಲಸ.

ನನ್ನ ಗಾಡಿ 121 ಇಂಚಿನ ಟ್ರ್ಯಾಕಿನದು. ಗುಂಡಿ ಹಾರಿದರೆ ಸೊಂಟ ಬಿದ್ದುಹೋದ ಹಾಗೆ ಆಗುತ್ತಿತ್ತು. ಬೇರೆ ಕಂಪನಿಯ, ಅದಕ್ಕಿಂತ ಹೊಸ ಗಾಡಿಯೊಂದರಿಂದ ಬಿಚ್ಚಿಟ್ಟ 136 ಇಂಚಿನ ಸ್ಕಿಡ್ ಟ್ರ್ಯಾಕ್ ಸಮೇತ ಸಿಕ್ಕಿತು. ಬಿಚ್ಚಿಟ್ಟದ್ದು ಅನ್ನುವುದನ್ನು ಗಮನಿಸಿ, ಗಾಡಿ ಜೊತೆಗಿರಲಿಲ್ಲ. ಹಳೇ ತೂತಿಗೆ ಅದು ಕೂರಲಿಲ್ಲ. ಸರಿ, ಗಾಡಿಯ ಹಿಂಭಾಗ ಎತ್ತಿ ತೂಗು ಹಾಕಿದೆ, ಹೊಸ ಸ್ಕಿಡ್ ಒಳಗೆ ತಳ್ಳಿದೆ, ರೈಲು ನೆಲಕ್ಕೆ ಸಮ ಕಾಣುವ ಹಾಗೆ ಇಟ್ಟಿಗೆ ಕೊಟ್ಟೆ, ತೋಳಿನ ತುದಿ ಎಲ್ಲಿ ಬಂತೋ ಅಲ್ಲಿ ಮಾರ್ಕರ್‌ನಲ್ಲಿ ಗುಂಡಗೆ ಬರೆದು ಡ್ರಿಲ್ ಹೊಡೆದೆ. ನೋಡಲು ಕಂಪನಿಯಿಂದಲೇ ಬಂದ ಹಾಗೆ ಇತ್ತು! ಟ್ರ್ಯಾಕ್ ಟೈಟ್ ಮಾಡಿದೆ, ಕೈಯಲ್ಲಿ ತಿರುಗಿಸಿದೆ, ಚೆನ್ನಾಗಿಯೇ ತಿರುಗಿತು.

ಹಿಮದ ಮೇಲೆ ಕೂತು ಮೊದಲ ಉಬ್ಬು ದಾಟಿ ಆಕ್ಸಿಲರೇಟರ್ ಕೊಟ್ಟೆ ಅಷ್ಟೇ, ಕಾಲ ಕೆಳಗಿನಿಂದ ಟಕ ಟಕ ಟಕ ಅಂತ ಶುರುವಾಯಿತು. ಡ್ರೈವ್ ಶಾಫ್ಟಿನ ಹಲ್ಲು ಟ್ರ್ಯಾಕಿನ ಉಬ್ಬುಗಳ ಮೇಲೆ ಹತ್ತಿ ಜಿಗಿಯುವ ಸದ್ದು ಅದು, ಒಮ್ಮೆ ಕೇಳಿದವರು ಮರೆಯುವುದಿಲ್ಲ. ಟ್ರ್ಯಾಕ್ ಲೂಸ್ ಇರಬೇಕು ಅಂದುಕೊಂಡು ಹಿಂದಿನ ಆಕ್ಸಲ್ ಬೋಲ್ಟ್ ತಿರುಗಿಸಿ ಬಿಗಿ ಮಾಡಿದೆ. ಸದ್ದು ಕಡಿಮೆ ಆಯಿತು. ಇನ್ನೂ ಬಿಗಿ ಮಾಡಿದೆ. ಸದ್ದು ನಿಂತಿತು, ಆದರೆ ಈಗ ಗಾಡಿ ಓಡಲೇ ಒಲ್ಲದು, ಸುಟ್ಟ ಪ್ಲಾಸ್ಟಿಕ್ ವಾಸನೆ ಬೇರೆ. ಸ್ಲೈಡರ್ ಕರಗಿ ಟ್ರ್ಯಾಕಿನ ಕ್ಲಿಪ್‌ಗಳಿಗೆ ಮೇಣದ ಹಾಗೆ ಮೆತ್ತಿಕೊಂಡಿತ್ತು.

ಏನಾಗಿತ್ತು ಅಂದರೆ, ನಿಂತಾಗ ಬಿಗಿ, ಸಸ್ಪೆನ್ಷನ್ ಕುಗ್ಗಿದಾಗ ಸಡಿಲ. ಬೈಕ್ ಓಡಿಸುವವರಿಗೆ ಇದು ಬೇಗ ಅರ್ಥವಾಗುತ್ತದೆ. ಹಿಂದಿನ ಚಕ್ರ ಮೇಲೆ ಕೆಳಗೆ ಆಡಿದ ಹಾಗೆ ಬೈಕಿನ ಚೈನು ಬಿಗಿಯಾಗಿ ಸಡಿಲವಾಗುತ್ತದೆ ಅಲ್ವಾ, ಯಾಕೆಂದರೆ ಸ್ವಿಂಗ್ ಆರ್ಮ್ ತಿರುಗುವ ಜಾಗವೂ ಮುಂದಿನ ಸ್ಪ್ರಾಕೆಟ್ಟಿನ ನಡುವೂ ಒಂದೇ ಕಡೆ ಇರುವುದಿಲ್ಲ. ಇಲ್ಲೂ ಅದೇ ಕಥೆ. ಟ್ರ್ಯಾಕನ್ನು ಎಳೆಯುವುದು ಡ್ರೈವ್ ಶಾಫ್ಟ್, ಸ್ಕಿಡ್ಡಿನ ಮುಂದಿನ ತೋಳು ತಿರುಗುವುದು ಅದರ ಹಿಂದೆ ಇರುವ ಬೇರೆ ತೂತಿನ ಸುತ್ತ. ತೋಳು ಮೇಲೆ ಹೋಗುತ್ತಾ ಕಮಾನಿನ ದಾರಿಯಲ್ಲಿ ರೈಲನ್ನು ಹಿಂದಕ್ಕೋ ಮುಂದಕ್ಕೋ ಒಯ್ಯುತ್ತದೆ. ಸ್ಕಿಡ್ ಮಾಡಿದವರು ಲೆಕ್ಕ ಹಾಕಿಯೇ ಆ ತೂತಿಗೆ ಜಾಗ ಕೊಟ್ಟಿರುತ್ತಾರೆ, ರೈಲು ಎಷ್ಟೇ ಮೇಲೆ ಕೆಳಗೆ ಆಡಿದರೂ ಟ್ರ್ಯಾಕಿನ ಬಿಗಿ ಹೆಚ್ಚು ಕಡಿಮೆ ಒಂದೇ ಇರಲಿ ಅಂತ. ನಾನು ಇಟ್ಟಿಗೆ ಕೊಟ್ಟು ಕಣ್ಣಳತೆಯಲ್ಲಿ ಗುಂಡಗೆ ಬರೆದಾಗ ಆ ಲೆಕ್ಕವನ್ನೆಲ್ಲ ಒರೆಸಿ ಹಾಕಿದ್ದೆ.

ಕೊನೆಗೆ ಆ ಹೊಸ ಸ್ಕಿಡ್ ಯಾವ ಮಾಡೆಲ್‌ನದೋ ಅದೇ ಗಾಡಿ ಇಟ್ಟುಕೊಂಡವರನ್ನು ಹುಡುಕಿ, ಅವರ ಗಾಡಿ ಕೆಳಗೆ ಟೇಪು ಹಿಡಿದು ಮಲಗಿದೆ. ಬೇಕಾಗಿದ್ದು ಎರಡೇ ಅಳತೆ. ಡ್ರೈವ್ ಶಾಫ್ಟಿನ ನಡುವಿನಿಂದ ಮುಂದಿನ ತೂತಿನ ನಡುವಿಗೆ ಹಿಂದಕ್ಕೆ ಎಷ್ಟು, ಕೆಳಕ್ಕೆ ಎಷ್ಟು. ನನ್ನ ತೂತು ಅದರಿಂದ 30 ಮಿಲಿಮೀಟರ್ ಆಚೆ ಇತ್ತು. ಒಂದು ಇಂಚು ಚಿಲ್ಲರೆ, ಅಷ್ಟೇ! ಹಿಂದಿನ ತೂತನ್ನು ಆಮೇಲೆ ಮುಂದಿನ ತೂತಿನಿಂದ ಅಳೆದುಕೊಳ್ಳಬೇಕು, ಗಾಡಿಯ ಹಿಂಭಾಗ ಎಷ್ಟು ಎತ್ತರ ನಿಲ್ಲುತ್ತದೆ ಅನ್ನುವುದು ಅದರ ಮೇಲೆ ಹೋಗುತ್ತದೆ. ಎಡ ಬಲ ಎರಡೂ ಬದಿಗೆ ಬೇರೆ ಬೇರೆಯಾಗಿ ಡ್ರೈವ್ ಶಾಫ್ಟಿನಿಂದಲೇ ಅಳೆಯಿರಿ. ಟನಲ್ಲಿನ ಅಂಚು ನೇರ ಇದೆ ಅಂತ ನಂಬಬೇಡಿ, ಹಳೇ ಗಾಡಿಗಳಲ್ಲಿ ಅದು ಎಲ್ಲೋ ಒಂದು ಕಡೆ ಗುದ್ದಿಸಿಕೊಂಡು ಸೊಟ್ಟ ಆಗಿರುತ್ತದೆ. ಒಂದು ಬದಿ ತುಸು ಹಿಂದೆ ಬಂದರೂ ಟ್ರ್ಯಾಕ್ ಒಂದು ಪಕ್ಕಕ್ಕೆ ಎಳೆಯುತ್ತದೆ.

ಇನ್ನೊಂದು ಕೆಲಸವನ್ನು ನಾನು ಮೊದಲೇ ಮಾಡಿದ್ದರೆ ಈ ಪತ್ರವೇ ಇರುತ್ತಿರಲಿಲ್ಲ. ಶಾಕ್, ಸ್ಪ್ರಿಂಗ್ ಎರಡನ್ನೂ ತೆಗೆದುಬಿಡಿ. ಬರೀ ತೋಳುಗಳ ಮೇಲೆ ಸ್ಕಿಡ್ ಕೂರಿಸಿ, ಟ್ರ್ಯಾಕ್ ಹಾಕಿ, ಕೆಳಗಿನಿಂದ ಜ್ಯಾಕ್ ಕೊಟ್ಟು ರೈಲನ್ನು ಪೂರ್ತಿ ಮೇಲಕ್ಕೆ ಎತ್ತಿ, ಪೂರ್ತಿ ಇಳಿಸಿ. ಒಂದೊಂದು ಇಂಚಿಗೆ ನಿಲ್ಲಿಸಿ ಟ್ರ್ಯಾಕನ್ನು ಕೈಯಲ್ಲಿ ಎಳೆದು ನೋಡಿ. ಮುಂದಿನ ತುದಿ ಮಾತ್ರ ಎತ್ತಿ ನೋಡಿ, ಹಿಂದಿನ ತುದಿ ಮಾತ್ರ ಎತ್ತಿ ನೋಡಿ. ಎಲ್ಲಿ ಸಡಿಲ, ಎಲ್ಲಿ ಬಿಗಿ, ಚಕ್ರ ಎಲ್ಲಿ ಟನಲ್ಲಿಗೆ ತಗುಲುತ್ತದೆ, ಎಲ್ಲ ಅಲ್ಲೇ ಗೊತ್ತಾಗುತ್ತದೆ. ತೂತು ಕೊರೆಯುವ ಮೊದಲೇ ಇದನ್ನು ಮಾಡಬಹುದು, ತೋಳಿನ ತುದಿಗೆ ಮರದ ಹಲಗೆ ಕಟ್ಟಿ ಸಿ-ಕ್ಲ್ಯಾಂಪ್ ಹಾಕಿ ನಿಲ್ಲಿಸಿಕೊಂಡರೆ ಸಾಕು. ತಗುಲುವ ವಿಷಯ ಚಿಕ್ಕದಲ್ಲ. ಎಷ್ಟೋ ಗಾಡಿಗಳಲ್ಲಿ ಇಂಜಿನ್ನಿನ ಕೂಲಂಟ್ ತಣ್ಣಗಾಗುವುದು ಟನಲ್ಲಿನ ಒಳಮೈಗೆ ಇರುವ ಹೀಟ್ ಎಕ್ಸ್‌ಚೇಂಜರ್‌ನಲ್ಲಿ, ಟ್ರ್ಯಾಕ್ ಎರಚುವ ಹಿಮ ಬಿದ್ದು. ಸ್ಟಡ್, ಅಂದರೆ ಮಂಜುಗಡ್ಡೆ ಮೇಲೆ ಹಿಡಿತಕ್ಕೆ ಹಾಕುವ ಲೋಹದ ಮೊಳೆ, ಹೊಡೆದ ಟ್ರ್ಯಾಕ್ ಒಮ್ಮೆ ಅದಕ್ಕೆ ತಗುಲಿದರೆ ಕೂಲಂಟ್ ಎಲ್ಲ ಹಿಮಕ್ಕೆ, ನೀವು ನಡೆದುಕೊಂಡು ಮನೆಗೆ.

ಟ್ರ್ಯಾಕಿನ ಅಳತೆಯಲ್ಲೂ ಒಂದು ಮೋಸ ಇದೆ. 136, 137 ಅಂತ ಎರಡು ಉದ್ದ ಕೇಳುತ್ತೀರಿ. ಒಂದೇ ಇಂಚು ತಾನೇ, ಎಳೆದು ಹಾಕಿದರಾಯಿತು ಅನ್ನಿಸುತ್ತದೆ. ಹಾಗಲ್ಲ. 136ರದು ಸಾಮಾನ್ಯವಾಗಿ 2.52 ಇಂಚಿನ ಪಿಚ್, ಅಂದರೆ ಡ್ರೈವ್ ಹಲ್ಲು ಕೂರುವ ಮನೆಯಿಂದ ಮನೆಗೆ ಅಷ್ಟು ದೂರ, ಅಂಥ 54 ಮನೆ. 137ರದು 2.86 ಇಂಚಿನ ಪಿಚ್, 48 ಮನೆ. ಒಂದರ ಡ್ರೈವರ್ (ಡ್ರೈವ್ ಶಾಫ್ಟಿನ ಮೇಲಿನ ಹಲ್ಲಿನ ಚಕ್ರ) ಇನ್ನೊಂದರಲ್ಲಿ ಓಡುವುದಿಲ್ಲ. ಒಂದು ಮನೆ ಮಾತ್ರ ಅಳೆದರೆ ಕಣ್ಣು ತಪ್ಪುತ್ತದೆ, ಹತ್ತು ಮನೆ ಸೇರಿಸಿ ಅಳೆಯಿರಿ, 25.2 ಬಂತೋ 28.6 ಬಂತೋ ನೋಡಿ, ಆಗ ಅನುಮಾನಕ್ಕೆ ಜಾಗವಿಲ್ಲ. ಪಿಚ್ ಬೇರೆ ಬಂದರೆ ಡ್ರೈವ್ ಶಾಫ್ಟನ್ನೇ ಹೊರಗೆ ತೆಗೆದು ಡ್ರೈವರ್ ಬದಲಿಸಬೇಕು. ಒಂದು ಸಮಾಧಾನ ಏನೆಂದರೆ 2.52ರ 8 ಹಲ್ಲಿನ ಡ್ರೈವರ್ ಒಂದು ಸುತ್ತಿಗೆ 20.16 ಇಂಚು ಎಳೆಯುತ್ತದೆ, 2.86ರ 7 ಹಲ್ಲಿನದು 20.02 ಇಂಚು. ಹಾಗಾಗಿ ಇವೆರಡರ ನಡುವೆ ಬದಲಿಸಿದರೆ ಗೇರಿನ ಲೆಕ್ಕ ಹೆಚ್ಚು ಕೆಡುವುದಿಲ್ಲ. ರೈಲುಗಳ ನಡುವಿನ ಅಂತರವನ್ನೂ ನೋಡಿಕೊಳ್ಳಿ, ಟ್ರ್ಯಾಕಿನ ಲೋಹದ ಕ್ಲಿಪ್ ಸಾಲು ನೇರ ಸ್ಲೈಡರ್ ಅಡಿಗೇ ಬರಬೇಕು.

121ರಿಂದ 136ಕ್ಕೆ ಹೋದರೆ ಟ್ರ್ಯಾಕ್ 15 ಇಂಚು ಜಾಸ್ತಿ, ಆದರೆ ಅದು ಸುತ್ತಿಕೊಂಡು ಇರುವುದರಿಂದ ಸ್ಕಿಡ್ ಹಿಂದಕ್ಕೆ ಚಾಚುವುದು ಸುಮಾರು ಏಳೂವರೆ ಇಂಚು. ಟನಲ್ ಮಾತ್ರ ಹಳೇ ಉದ್ದದ್ದೇ. ಹಿಂದೆ ಹೊರಬಂದ ಟ್ರ್ಯಾಕ್ ಬೆನ್ನಿಗೆ ಹಿಮ ಎರಚುತ್ತದೆ, ಎಕ್ಸ್‌ಚೇಂಜರ್‌ಗೆ ಹೋಗಬೇಕಾದ ಹಿಮವೂ ಹಿಂದಕ್ಕೇ ಹಾರಿಹೋಗುತ್ತದೆ. ಟನಲ್ಲಿಗೆ ಒಂದು ತುಂಡು ಸೇರಿಸಿ, ಹಿಮ ತಡೆಯುವ ರಬ್ಬರ್ ಪರದೆಯನ್ನು ಹಿಂದಕ್ಕೆ ಸರಿಸಬೇಕಾಗುತ್ತದೆ.

ತೂತು ಕೊರೆಯುವ ಜಾಗದಲ್ಲಿ ಟನಲ್ ಬರೀ ತೆಳು ಅಲ್ಯೂಮಿನಿಯಂ ತಗಡು. ದಪ್ಪ ಪ್ಲೇಟು ಕೊಡದೆ ಬೋಲ್ಟ್ ಹಾಕಿದರೆ ನಾಲ್ಕು ಜಿಗಿತಕ್ಕೆ ತೂತು ಮೊಟ್ಟೆ ಆಕಾರಕ್ಕೆ ಬರುತ್ತದೆ. ರಿವೆಟ್ ಹೊಡೆದ ಪ್ಲೇಟು ಹಳೇ ತೂತು, ಹೊಸ ತೂತು ಎರಡನ್ನೂ ಮುಚ್ಚುವಷ್ಟು ದೊಡ್ಡದಿರಲಿ. ತಿರುಚಿದ ಟಾರ್ಷನ್ ಸ್ಪ್ರಿಂಗ್ ಬಿಡಿಸುವಾಗ ಸುಮ್ನೆ ಸ್ಕ್ರೂಡ್ರೈವರ್ ತೂರಿಸಬೇಡಿ, ಬೆರಳು ಮುರಿಯುವಷ್ಟು ಬಲ ಇರುತ್ತದೆ ಅದಕ್ಕೆ. ಗಾಡಿ ಎತ್ತಿಟ್ಟು ಟ್ರ್ಯಾಕ್ ತಿರುಗಿಸುವಾಗ ಹಿಂದೆ ಯಾರೂ ನಿಲ್ಲಬಾರದು, ಕಿತ್ತುಬಂದ ಸ್ಟಡ್ ಗುಂಡಿನ ಹಾಗೆ ಹಾರುತ್ತದೆ. ಈ ಮಾತುಗಳಲ್ಲಿ ಒಂದಾದರೂ ನಿಮ್ಮ ಬರಹದಲ್ಲಿ ಇರಬೇಕಿತ್ತು ಅಂತ ನನ್ನ ಬೇಸರ.

ಎಲ್ಲ ಸರಿಯಾದ ಮೇಲೂ ಮೊದಲ ದಿನ ನನ್ನ ಗಾಡಿ ತಿರುಗಲೇ ಇಲ್ಲ. ಹ್ಯಾಂಡಲ್ ತಿರುಗಿಸಿದರೆ ಸ್ಕೀ ತಿರುಗುತ್ತದೆ, ಗಾಡಿ ನೇರ ಹೋಗುತ್ತದೆ! ಮುಂದಿನ ತೋಳನ್ನು ಹಿಡಿದಿಡುವ ಲಿಮಿಟರ್ ಪಟ್ಟಿ ಅಂತ ಒಂದಿದೆ, ಬೆಲ್ಟಿನ ತುಂಡಿನ ಹಾಗೆ. ಅದನ್ನು ಗಿಡ್ಡ ಮಾಡಿದರೆ ಸ್ಕೀ ಮೇಲೆ ಭಾರ ಜಾಸ್ತಿ, ಉದ್ದ ಬಿಟ್ಟರೆ ಆಕ್ಸಿಲರೇಟರ್ ಕೊಟ್ಟಾಗ ಮೂತಿ ಮೇಲೇಳುತ್ತದೆ. ಒಂದು ತೂತು ಗಿಡ್ಡ ಮಾಡಿದೆ, ಗಾಡಿ ಮಾತು ಕೇಳಿತು.

ಹಾಗಾದರೆ ಮಾಡಲೇಬಾರದಾ? ಮಾಡಿ. ಒಂದೇ ಕಂಪನಿ, ಒಂದೇ ಚಾಸಿ, ಬರೀ ವರ್ಷ ಬೇರೆ ಅಂದರೆ ಧೈರ್ಯವಾಗಿ ಮಾಡಿ, ಅಲ್ಲಿ ಎಷ್ಟೋ ಸಲ ನಿಜವಾಗಿಯೂ ನಾಲ್ಕು ಬೋಲ್ಟೇ. ಕಂಪನಿ ಬೇರೆ ಆದರೆ ಮೊದಲು ಹಳೆಯದನ್ನು ಬಿಚ್ಚಿ ನೋಡಿ ಅಂತ ನಾನು ಹೇಳುತ್ತೇನೆ. ನನ್ನ ಹಳೇ ಸ್ಕಿಡ್ಡನ್ನು ಮೂಲೆಗೆ ಎಸೆದಿದ್ದೆನಲ್ಲ, ಆಮೇಲೊಂದು ದಿನ ಸುಮ್ನೆ ಕುತೂಹಲಕ್ಕೆ ಅದರ ಶಾಕ್ ಒತ್ತಿ ನೋಡಿದೆ. ಒಳಗೆ ಹೋಯಿತು, ಅಲ್ಲೇ ಇತ್ತು, ವಾಪಸ್ ಬರಲೇ ಇಲ್ಲ. ಒಳಗಿನ ಗ್ಯಾಸ್ ಯಾವತ್ತೋ ಹೋಗಿದೆ. ಬುಷ್‌ಗಳಲ್ಲಿ ಗ್ರೀಸ್ ಅನ್ನುವುದು ಒಣಗಿ ಪುಡಿ. ಶಾಕ್ ರಿಪೇರಿ ಮಾಡಿಸಿ ನನ್ನ ತೂಕಕ್ಕೆ ತಕ್ಕ ಸ್ಪ್ರಿಂಗ್ ಹಾಕಿದ್ದರೆ ಬಹುಶಃ ನನ್ನ ಸೊಂಟಕ್ಕೆ ಅಷ್ಟೇ ಸಾಕಾಗುತ್ತಿತ್ತು.

ಮುಂದಿನ ಸಂಚಿಕೆಯಲ್ಲಿ ಒಂದು ಸಣ್ಣ ತಿದ್ದುಪಡಿ ಹಾಕಿ. ಇಷ್ಟೆಲ್ಲ ಅಚ್ಚು ಹಾಕಲು ಜಾಗ ಇರುವುದಿಲ್ಲ, ಗೊತ್ತು. ಡ್ರೈವ್ ಶಾಫ್ಟಿನಿಂದ ಅಳೆಯುವ ಆ ಎರಡು ಅಳತೆಯ ಮಾತು, ಸ್ಪ್ರಿಂಗ್ ತೆಗೆದು ಎತ್ತಿ ಇಳಿಸಿ ನೋಡುವ ಮಾತು, ಇವೆರಡು ಬಂದರೂ ಸಾಕು. ಚಿತ್ರ ಬೇಕಿದ್ದರೆ ನನ್ನ ಗಾಡಿಯದೇ ಫೋಟೊ ಕಳಿಸುತ್ತೇನೆ. ಟನಲ್ಲಿನ ಒಂದೊಂದು ಬದಿಗೆ ಆರು ತೂತು ಇವೆ, ಕೆಲಸಕ್ಕೆ ಬರುತ್ತಿರುವುದು ಎರಡೇ.

ಇಂತಿ,
ನಿಮ್ಮ ಓದುಗ